ಹಜಾರದ ಹುಲ್ಲಿನಲ್ಲಿ ಅಪ್ಪನ ಚೆಂಡು

ಭಾನುವಾರ, ಮಾರ್ಚ್ ೯

ಸೊಂಟ ಬಿದ್ದುಹೋಗಿದೆ, ಆದರೂ ಬರೆಯದೆ ನಿದ್ದೆ ಬಾರದು. ಕಣ್ಣು ಹೋದಮೇಲೆ ಅಪ್ಪ ಗಾಲ್ಫ್ ಕೋಲು ಮುಟ್ಟಿರಲಿಲ್ಲ. ಇವತ್ತು ನಾನೂ ಬಡಗಿಯೂ ಹಜಾರದಲ್ಲಿ ಹಲಗೆ ಜೋಡಿಸಿ, ಕೃತಕ ಹುಲ್ಲು ಹಾಸಿ, ತುದಿಯಲ್ಲಿ ಕುಳಿ ಕೊರೆದು ಹಿತ್ತಾಳೆ ಬಟ್ಟಲು ಕೂರಿಸಿದೆವು.

"ಕುರುಡನಿಗೆ ಯಾಕಮ್ಮ ಈ ಆಟ?" ಎಂದು ಗೊಣಗುತ್ತಲೇ ಅಪ್ಪ ಬರಿಗಾಲಲ್ಲಿ ಹುಲ್ಲು ಸವರಿ ನೋಡಿದರು. ನಾನು ಕುಳಿಯ ಪಕ್ಕ ಕೂತು ಚಮಚದಿಂದ ಬಟ್ಟಲು ಬಡಿದೆ. ಅವರು ಕಿವಿಗೊಟ್ಟು, ಸದ್ದು ಬಂದತ್ತ ಕೋಲಿನಿಂದ ಚೆಂಡು ತಳ್ಳಿದರು. ಮೊದಮೊದಲು ಗೋಡೆಗೆ ಬಡಿಯಿತು. ಆಮೇಲೆ, ಟಣ್!

ಅಡುಗೆಮನೆಯಿಂದ ಅಮ್ಮ ಕೂಗಿದರು: "ಏನೇ ಅದು, ಏನು ಬೀಳಿಸ್ದೆ?"

"ಅವಳಲ್ಲ ಕಣೇ, ನಾನು! ಕುಳಿಗೇ ಬೀಳಿಸ್ದೆ!" ಅಪ್ಪನ ಆ ದನಿ ಕೇಳಿ ಎಷ್ಟು ಕಾಲವಾಗಿತ್ತು!

ಈಗಲೂ ಹಜಾರದಲ್ಲಿ ಆಟ ನಡೆದೇ ಇದೆ. ಚಮಚ ಬಡಿಯುವ ಸರದಿ ಅಮ್ಮನದು. ಇಬ್ಬರೂ ಜಗಳವಾಡುತ್ತಾ ನಗುತ್ತಿದ್ದಾರೆ, ನನಗೆ ಕಣ್ಣು ಎಳೆಯುತ್ತಿದೆ...