ಎಡಗಡೆ ಸ್ಪೀಕರ್ ಕೆಟ್ಟಿಲ್ಲ

ಅಪ್ಪಾ,

ಆಂಪ್ಲಿಫೈಯರ್ ಮುಟ್ಟಬೇಡ. ಸ್ಕ್ರೂಡ್ರೈವರ್‌ಗಳನ್ನೆಲ್ಲ ನಾನೇ ಗ್ಯಾರೇಜಿಗೆ ತೆಗೆದುಕೊಂಡು ಹೋಗಿದ್ದೇನೆ. ಹುಡುಕುತ್ತಾ ಮನೆ ತಲೆಕೆಳಗು ಮಾಡಬೇಡ.

ಎಡಗಡೆ ಸ್ಪೀಕರ್ ಸತ್ತಿದೆ ಅಂತ ನೀನು ವೈರು ಬದಲಾಯಿಸಿದೆ, ರೆಕಾರ್ಡ್ ಪ್ಲೇಯರಿನ ಮುಳ್ಳು ಬದಲಾಯಿಸಿದೆ, ನಿನ್ನೆ ಆಂಪ್ಲಿಫೈಯರಿನ ಆ ಗಾಜಿನ ವಾಲ್ವ್‌ಗಳನ್ನೂ ಕಿತ್ತೆ. ನಿನ್ನಷ್ಟೇ ವಯಸ್ಸಾದವು ಅವು, ಒಡೆದರೆ ಎಲ್ಲಿಂದ ತರೋದು? ರಿಪೇರಿಯವನು "ಎಲ್ಲಾ ಸರಿಯಾಗೇ ಇದೆ ಯಜಮಾನ್ರೇ" ಅಂದರೆ, ಅವನಿಗೇ ಕಿವುಡು ಅಂತ ಬೈದು ಕಳಿಸಿದೆ. ಎಲ್ಲಾ ಸರಿಯಾಗಿದೆ ಅಂತ ನಾನೂ ಅಂದೆ. ಅದಕ್ಕೆ ನೀನು "ಸ್ಕೂಲು ಬಿಟ್ಟವನಿಗೆ ಸಂಗೀತ ಏನು ಗೊತ್ತಾಗುತ್ತೋ" ಅಂದುಬಿಟ್ಟೆ. ನನಗೆ ಮೈಯೆಲ್ಲ ಉರಿದುಹೋಯಿತು.

ಊಟಕ್ಕೆ ಅಮ್ಮನೂ ನಾನೂ ಈಗ ನಿನ್ನ ಬಲಗಡೆಯೇ ಕೂರುತ್ತೇವೆ. ನೀನದನ್ನು ಗಮನಿಸಿಯೇ ಇಲ್ಲ.

ನೀನು ಒಂದು ಕೆಲಸ ಮಾಡಬೇಕು. ನಿನ್ನ ಕುರ್ಚಿಯನ್ನು ಸ್ಪೀಕರ್‌ಗಳಿಗೆ ಬೆನ್ನು ಮಾಡಿ ಹಾಕಿ, ಅದೇ ರೆಕಾರ್ಡು ಕೇಳಬೇಕು. ಇಷ್ಟು ದಿನ ಚೆನ್ನಾಗಿದ್ದ ಬಲಗಡೆ ಸ್ಪೀಕರು ಆಗ ನಿನ್ನ ಎಡಕ್ಕೆ ಬರುತ್ತದೆ, ಅದೇ ಸತ್ತಂತೆ ಕೇಳಿಸುತ್ತದೆ. ಸ್ಪೀಕರ್ ಕೆಟ್ಟಿಲ್ಲ ಅಪ್ಪಾ. ಕೆಟ್ಟಿರೋದು ನಿನ್ನ ಎಡಗಿವಿ.

ಬೆಳಿಗ್ಗೆ ನೀನು ರೆಕಾರ್ಡು ಒರೆಸುತ್ತಿದ್ದಾಗ ಹೇಳೋಣ ಅಂತ ಬಾಗಿಲಲ್ಲಿ ನಿಂತಿದ್ದೆ. ಆಗಲಿಲ್ಲ. ಗ್ಯಾರೇಜಿನಲ್ಲಿ ಎಂಥ ಎಂಜಿನ್ ಬಂದರೂ ಬಿಚ್ಚಿ ಕೂರುತ್ತೇನೆ, ಇದಕ್ಕೆ ಏನು ಮಾಡಬೇಕೋ ತೋಚುತ್ತಿಲ್ಲ. ಕಿವಿ ಡಾಕ್ಟರ ಹತ್ತಿರ ನಾಳೆ ಕರೆದುಕೊಂಡು ಹೋಗುತ್ತೇನೆ. ಬರಲ್ಲ ಅಂತ ಹಟ ಮಾಡಬೇಡ, ನಿನ್ನ ಕಾಲು ಹಿಡಿಯುತ್ತೇನೆ.

ಸಂಜೆ ಬೇಗ ಬರುತ್ತೇನೆ. ಕುರ್ಚಿ ತಿರುಗಿಸೋದಾದರೆ ನಾನು ಬಂದ ಮೇಲೆ ತಿರುಗಿಸು. ಒಬ್ಬನೇ ಕೂತು ಕೇಳಬೇಡ.