ಬೆನ್ನ ಹಿಂದಿನ ಕುರ್ಚಿ

ಅಲ್ ಐನ್, ನವೆಂಬರ್ 2003

ಚಿ. ಮಾನ್ಯಳಿಗೆ ಚಿಕ್ಕಪ್ಪನ ಆಶೀರ್ವಾದ. ಇದನ್ನು ಭಾನುವಾರದ ಮನಶ್ಶಾಸ್ತ್ರ ಕೂಟದಲ್ಲಿ ಓದು. ನೆರೆದ ಗೆಳೆಯರಿಗೆ ವಂದನೆ, ಜಾಗ ಕೊಟ್ಟ ಹಿರಿಯರಿಗೆ ಕೃತಜ್ಞತೆ.

ಮನಶ್ಶಾಸ್ತ್ರದಲ್ಲಿ ಎಂ.ಫಿಲ್. ಮುಗಿಸಿದ ನಮ್ಮ ಬೆನ್ನ ಹಿಂದೆ ಡಾಕ್ಟರು ಕುಳಿತು ನೋಡುವುದಾದರೆ ವಾರ್ಡಿಗೇ ಹೋಗುವುದಿಲ್ಲವೆಂದು ನೀವೆಲ್ಲ ಹಟ ಹಿಡಿದಿದ್ದೀರಿ. ಇಂದು ಇಲ್ಲಿನ ಕಾರ್ಯಾಗಾರದಲ್ಲಿ ಕಂಡದ್ದನ್ನು ಕೇಳಿ. ಅಮೆರಿಕದ ಒಂದು ರಾಜ್ಯದಲ್ಲಿ ಮನಶ್ಶಾಸ್ತ್ರಜ್ಞರೂ ಔಷಧಿ ಬರೆಯಬಹುದೆಂದು ಹೋದ ವರ್ಷ ಕಾನೂನಾಗಿದೆ. ಆದರೆ ಮೊದಲು ವೈದ್ಯರ ಕಣ್ಣೆದುರಿನಲ್ಲಿ ತರಬೇತಿ ಪಡೆಯಬೇಕು. ಅಲ್ಲಿಂದ ಬಂದ ನರೆಗೂದಲಿನ ಪ್ರಾಧ್ಯಾಪಕಿಯೊಬ್ಬರು ಅದನ್ನು ವೇದಿಕೆಯ ಮೇಲೆ ಮಾಡಿ ತೋರಿಸಿದರು. ರೋಗಿಯ ಪಾತ್ರದಲ್ಲಿ ಕುಳಿತ ಮಂಗಳೂರಿನ ನರ್ಸ್ ಮಗ್ದಲೀನಳ ದುಃಖವನ್ನು ಕೇಳಿ ಮಾತ್ರೆ ಬರೆದರು. ಆಕೆಯ ಬೆನ್ನ ಹಿಂದೆ ಕುಳಿತಿದ್ದ ಯುವ ವೈದ್ಯ, "ಥೈರಾಯ್ಡ್ ಪರೀಕ್ಷೆ ಆಯಿತೇ? ಈ ಬೇಸರ ಅದರಿಂದಲೂ ಬಂದಿರಬಹುದು" ಎಂದ. ಆಕೆ ನಗುತ್ತ ಚೀಟಿಯನ್ನು ಹರಿದು, ಮೊದಲಿನಿಂದ ಶುರು ಮಾಡಿದರು. ಮಗ್ದಲೀನ್ ಮುಂದಿನ ಸಾಲಿನಲ್ಲಿದ್ದ ನನ್ನತ್ತ ತಿರುಗಿ, "ಎಂತ ಸರ್, ನಾನು ಇನ್ನೊಮ್ಮೆ ಅಳ್ಬೇಕಾ?" ಎಂದಳು. ಆ ಪ್ರಾಧ್ಯಾಪಕಿಯ ನಗು ಕಂಡಾಗಿನಿಂದ, ಇದನ್ನು ನಿಮಗೆ ಬರೆಯದೆ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ.

ಎಸಿಯ ಥಂಡಿಗೆ ಗಂಟಲು ಕಟ್ಟಿದೆ, ಚಿಂತೆಯಿಲ್ಲ. ಕಾರ್ಡು ತುಂಬಿತು. ಸೋಮವಾರವೇ ವಾರ್ಡಿಗೆ ಹೋಗಿ. ಡಾಕ್ಟರಿಗೆ ನಿಮ್ಮ ಬೆನ್ನ ಹಿಂದೆ ಕುರ್ಚಿಯನ್ನು ನೀವೇ ಹಾಕಿಕೊಟ್ಟು, ಕೆಲಸ ಆರಂಭಿಸಿ.

ದ್ವಾರಕನಾಥ