ತಿರುಪು ಸಡಿಲಿಸಬೇಡಿರಿ

ಅತ್ತೆಯವರಿಗೆ ಶೈಲಶ್ರೀಯ ನಮಸ್ಕಾರ.

ಎದುರಿಗೆ ಹೇಳಲು ಹೋದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಿರ್ಚಿ ಅಂಗಡಿಗೆ ಬೆಂಕಿ ಬಿದ್ದಾಗ ನಿಮ್ಮ ಮಗ ಹೊಗೆ ಕುಡಿದರು. ಮೈಮೇಲಿನ ಗಾಯ ಮಾಯ್ದಿದೆ, ಉಸಿರಿಗೆ ಮಾತ್ರ ಇನ್ನೂ ಬಲ ಬಂದಿಲ್ಲ. ಬಾಯಲ್ಲಿಟ್ಟು ಉಸಿರು ಎಳೆಯುವ ಆ ಸಣ್ಣ ಉಪಕರಣವನ್ನು ಆಸ್ಪತ್ರೆಯವರು ಕೊಟ್ಟಿದ್ದೇ ಅದಕ್ಕೆ. ತಿರುಪು ಬಿಗಿಯಾದಷ್ಟೂ ಎಳೆಯುವುದು ಕಷ್ಟ. ಆ ಕಷ್ಟದಿಂದಲೇ ಎದೆಯ ಸ್ನಾಯು ಗಟ್ಟಿಯಾಗಬೇಕು.

"ನಿನ್ನ ಕೈಯಾಗ ಒದ್ದಾಡ್ತಾನ, ನನ್ನ ಕೈಯಾಗ ಹೆಂಗ ಸಲೀಸ ಎಳೀತಾನ ನೋಡು" ಎಂದು ಓಣಿಯವರ ಮುಂದೆ ಅಂದಿರಿ. ನನ್ನದೇ ತಪ್ಪಿರಬೇಕೆಂದುಕೊಂಡೆ. ನಿನ್ನೆ ನೀವು ಹೋದ ಮೇಲೆ ನೋಡಿದರೆ ತಿರುಪು ಪೂರ್ತಿ ಸಡಿಲವಾಗಿತ್ತು! ನಿಮ್ಮ ಮಗನನ್ನು ಕೇಳಿದೆ. "ಅವ್ವ ಸಡಿಲ ಮಾಡಿದ್ದು ನಂಗ ಗೊತ್ತಿತ್ತು. ಅವ್ವಗ ಖುಷಿ ಆತು, ಸುಮ್ನ ಕುಂತೆ" ಎಂದರು. ಅಷ್ಟು ಹೇಳುವುದರಲ್ಲೇ ನಡುವೆ ಮಾತು ನಿಲ್ಲಿಸಿ ಏದುಸಿರುಬಿಟ್ಟರು.

ಅತ್ತೆ, ನನಗೂ ನಿದ್ದೆಯಿಲ್ಲ. ಅವರು ತಿಣುಕುವುದನ್ನು ನೋಡಲು ನನಗೂ ಆಗುವುದಿಲ್ಲ. ಆದರೂ ಈ ಸಲ ಬಂದಾಗ ದಯವಿಟ್ಟು ತಿರುಪು ಮುಟ್ಟಬೇಡಿರಿ. ಅವರು ಎಳೆಯಲು ಕೂತ ಕೂಡಲೇ ನಮ್ಮ ಕೂಸನ್ನೆತ್ತಿಕೊಂಡು ಹೊರಗೆ ಹೋಗಿಬಿಡಿರಿ. ನೋಡುತ್ತಾ ಕೂರುವ ಕೆಲಸ ನನಗಿರಲಿ.

ನಿಮ್ಮ ಸೊಸೆ,
ಶೈಲಶ್ರೀ
ಕುಷ್ಟಗಿ